ಬ್ರೇಕಿನ ಗುಬ್ಬಿ

"ಅಕಿಗಿ ಬೆಂಕಿ ಅಂದ್ರ ಅಂಜಿಕಿ ನೋಡ್ರಿ. ಗ್ಯಾಸ ಹಚ್ಚೂದಿದ್ರ ಸೈತ ನನ್ನ ಕರೀತಾಳ," ಎಂದು ರಾಜಾರಾಮ ಕ್ಯಾಮೆರಾದ ಮುಂದೆ ಹೇಳಿದಾಗ ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸುಂದರಾ ಕೂಡ ನಕ್ಕಳು. ನಗದಿದ್ದರೆ ಯಾರಾದರೂ ಯಾಕೆ ಎಂದು ಕೇಳುತ್ತಿದ್ದರು.

ರಾಜಾರಾಮನ ಎರಡು ಬೆರಳ ನಡುವೆ ಒಂದು ಬ್ರೇಕಿನ ಗುಬ್ಬಿ ಇತ್ತು. ಹಳೆಯ ಸೈಕಲ್ಲಿನ ಮುಂದಿನ ಫೋರ್ಕಿನ ಎರಡು ಕಾಲುಗಳಿಗೂ ಒಂದೊಂದು ಬೆಸೆದು ಕೂರಿಸುವ ಸಣ್ಣ ಉಕ್ಕಿನ ಗೂಟ ಅದು. ಬ್ರೇಕಿನ ತೋಳು ಅದರ ಮೇಲೆ ಕೂತು ತಿರುಗುತ್ತದೆ. ಓಡುವ ಚಕ್ರವನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಅದರ ಬುಡದ ಮೇಲೆ ಬೀಳುತ್ತದೆ. ಸುಂದರಾಳ ಅಪ್ಪ ವಿಠೋಬಾ ಚಿಕ್ಕೋಡಿಯ ತನ್ನ ಸೈಕಲ್ ಅಂಗಡಿಯಲ್ಲಿ ಅದನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಅಜ್ಜಂದಿರ ಕಾಲದ ವಿಲಾಯತಿ ಸೈಕಲ್ಲಿಗೆ ಹೊಸ ಗುಬ್ಬಿ ಕೂರಿಸಿ ಮತ್ತೆ ರಸ್ತೆಗೆ ಇಳಿಸುವವನು ನಿಪ್ಪಾಣಿಯ ರಾಜಾರಾಮ ಒಬ್ಬನೇ ಎಂದು ಅಥಣಿಯಿಂದ ಕೊಲ್ಹಾಪುರದವರೆಗೆ ಸೈಕಲ್ಲಿನ ಹುಚ್ಚು ಹಿಡಿದವರೆಲ್ಲ ನಂಬಿದ್ದರು.

"ಇದೆಲ್ಲಾ ಈ ಕೈಯಾಂದು," ಎಂದು ಅವನು ಅಂಗೈ ಬಿಡಿಸಿ ತೋರಿಸಿದ.

ಆ ಕೈಯ ಮೇಲೆ ಒಂದೂ ಸುಟ್ಟ ಕಲೆ ಇರಲಿಲ್ಲ. ಕ್ಯಾಮೆರಾ ಅದನ್ನು ಗಮನಿಸಲಿಲ್ಲ. ಕ್ಯಾಮೆರಾದ ಹಿಂದೆ ನಿಂತು ವಿಡಿಯೋ ತೆಗೆಯುತ್ತಿದ್ದ ಕೊಲ್ಹಾಪುರದ ವಿಕ್ರಾಂತನೂ ಗಮನಿಸಲಿಲ್ಲ. ಅವನಿಗೆ ತಾಟಿನಿಂದ ಕಪ್ಪು ಎತ್ತಿ ಕೊಡುವಾಗ ಸುಂದರಾ ಸೆರಗನ್ನು ಮಣಿಕಟ್ಟಿನ ತನಕ ಎಳೆದುಕೊಂಡಿದ್ದಳು. ಅದೀಗ ಅಭ್ಯಾಸವಾಗಿಬಿಟ್ಟಿತ್ತು.

ಮದುವೆಯಾದ ಹೊಸತರಲ್ಲಿ ಅವನೇ ಹೇಳಿದ್ದ, "ಹೆಂಗಸಿನ ಕೈಯಾಗಿನ ಬೆಸಗಿ ಅಂತ ಗೊತ್ತಾದ್ರ ಗಿರಾಕಿ ಸೈಕಲ್ ಹತ್ತಂಗಿಲ್ಲ. ಹೆಸರು ಯಾರದಿದ್ರ ಏನ, ಮನಿ ಒಂದ ಅಲ್ಲ?" ಆಗ ಅವಳು ಹೌದೆಂದಿದ್ದಳು. ಸುಳ್ಳೇನೂ ಅಲ್ಲ ಎನಿಸಿತ್ತು. ಅವನು ಊರೂರು ತಿರುಗಿ ಹಳೆಯ ಸೈಕಲ್ಲು ಹುಡುಕಿ ತರುತ್ತಿದ್ದ, ಬಣ್ಣ ಹೊಡೆಯುತ್ತಿದ್ದ, ಮಾತಾಡುತ್ತಿದ್ದ. ಶೆಡ್ಡಿನ ಹಿಂದಿನ ಕೋಣೆಯ ಕೆಲಸದ ಕಟ್ಟೆಯಲ್ಲಿ ಅವಳು ಅಪ್ಪನಿಂದ ಕಲಿತ ಹಾಗೆ ಗುಬ್ಬಿ ಕೂರಿಸುತ್ತಿದ್ದಳು. ಬುಡವನ್ನು ಕೊಳವೆಯ ಬಾಗಿಗೆ ಸರಿಯಾಗಿ ಅರದಿಂದ ತಿಕ್ಕಬೇಕು, ಬಿಳಿಗಾರ ಕಲಸಿ ಹಚ್ಚಬೇಕು, ಉಕ್ಕು ಕೆಂಪಾಗುವ ತನಕ ಉರಿಯನ್ನು ಸುತ್ತ ಆಡಿಸಬೇಕು. ಆಮೇಲೆ ಹಿತ್ತಾಳೆಯ ಕಡ್ಡಿಯನ್ನು ಮುಟ್ಟಿಸಿದರೆ ಸಾಕು. ಅದು ಕರಗಿ ನೀರಿನ ಹಾಗೆ ತಾನೇ ಓಡಿಹೋಗಿ ಬುಡವನ್ನು ಸುತ್ತಿಕೊಳ್ಳುತ್ತದೆ. ದಿನವೆಲ್ಲ ಯಾರೋ ಒಬ್ಬರು ಅವಳನ್ನು ಕರೆಯುತ್ತಲೇ ಇರುತ್ತಿದ್ದರು. ಹಿತ್ತಾಳೆ ಓಡುವ ಆ ಗಳಿಗೆಯಲ್ಲಿ ಮಾತ್ರ ಅವಳು ಯಾರ ಕರೆಗೂ ಓಗೊಡುತ್ತಿರಲಿಲ್ಲ.

ಈಚೆಗೆ ಮನೆಯಲ್ಲಿ ಏನೋ ಸರಿಯಿರಲಿಲ್ಲ. ರಾಜಾರಾಮ ಫೋನನ್ನು ಮುಖ ಕೆಳಗೆ ಮಾಡಿ ಇಡುತ್ತಿದ್ದ. ಅವಳು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದ. ಕೊಲ್ಹಾಪುರಕ್ಕೆ ಹೋಗುವ ದಿನ ಇಸ್ತ್ರಿಯ ಅಂಗಿ ಕೇಳುತ್ತಿದ್ದ. ಸುಂದರಾ ಎಲ್ಲ ಹೆಂಡಂದಿರ ಹಾಗೆ ಮೊದಲು ಅಂಗಿಯ ಕಾಲರು ಮೂಸಿದಳು. ಅದರಲ್ಲಿ ಇದ್ದದ್ದು ಎರಕದ ಮನೆಯ ಮಸಿ ಮತ್ತು ಸುಟ್ಟ ಮರಳಿನ ವಾಸನೆ. ಕೇಳಿದ್ದಕ್ಕೆ ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂಬಂತೆ ಊಟ ಮಾಡುತ್ತಲೇ ಹೇಳಿದ.

"ಫೌಂಡ್ರಿಯೊಳಗ ಎರಕ ಹೊಯ್ಸಾಕತ್ತೀವಿ. ವಿಕ್ರಾಂತ ಅದಾನ ಜೋಡಿಗೆ. ಗುಬ್ಬಿ, ಬೆಸಗಿ ಎಲ್ಲಾ ಅಲ್ಲೇ ಮಷಿನ್ ಮ್ಯಾಲ ಆಗ್ತೈತಿ. ನಿನಗೂ ಆರಾಮ ಆತಲ್ಲ."

"ಮತ್ತ ಈ ಶೆಡ್ಡ?"

"ಶೋರೂಮ ಮಾಡೂದು. ಬಂದವರಿಗಿ ನೀ ಒಂದ ಕಪ್ ಚಹಾ ಕೊಟ್ರ ಸಾಕು."

"ನನ್ನ ಕಟ್ಟಿ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಿಜವಾಗಿಯೂ ಗೊತ್ತಿಲ್ಲದವನಂತೆ ತಲೆಯೆತ್ತಿದ. "ಯಾವ ಕಟ್ಟಿ?"

ಬೇರೊಬ್ಬ ಹೆಂಗಸು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಸುಂದರಾ ಆಮೇಲೆ ಪಾತ್ರೆ ತಿಕ್ಕುತ್ತ ಯೋಚಿಸಿದಳು. ಬೇರೊಬ್ಬಳಿಗೆ ಅವನು ಕೊಡುತ್ತಿದ್ದದ್ದು ತನ್ನದನ್ನು. ಇದು ಹಾಗಲ್ಲ. ಇಷ್ಟು ವರ್ಷ ಅವಳ ಕೆಲಸಕ್ಕೆ ತನ್ನ ಹೆಸರಿಟ್ಟು ಆಳಿದ್ದವನು ಈಗ ಕೆಲಸವನ್ನೂ ಒಯ್ಯುತ್ತಿದ್ದಾನೆ. ಅದು ಹೋದರೆ ತಾನು ಏನು? ಚಹಾದ ತಾಟು. ಅವನಿಲ್ಲದಿದ್ದರೆ? ಆ ಪ್ರಶ್ನೆ ಬಂದದ್ದು ಮೆಲ್ಲಗೆ, ನೆರೆಮನೆಯವರು ಬಾಗಿಲು ತಳ್ಳಿ ಒಳಗೆ ಬರುವಷ್ಟು ಸಲೀಸಾಗಿ. ಅವನಿಲ್ಲದಿದ್ದರೆ ಶೆಡ್ಡು ಇರುತ್ತದೆ, ಕಟ್ಟೆ ಇರುತ್ತದೆ. ಗಂಡ ಹೋದ ಹೆಂಗಸು ಹೊಟ್ಟೆಪಾಡಿಗೆ ಗಂಡನ ಕೆಲಸ ಕಲಿತಳು ಎಂದರೆ ಜನ ಮೆಚ್ಚುತ್ತಾರೆ. ಒಂದು ವರ್ಷದ ಮೇಲೆ ಫಲಕದ ಮೇಲೆ ತನ್ನ ಹೆಸರು ಬರೆಸಬಹುದು. ಗಂಡ ಇರುವ ತನಕ ಸಿಗದ ಹೆಸರು ಅವನು ಸತ್ತರೆ ತಾನಾಗಿ ಸಿಗುತ್ತದೆ. ಅವಳಿಗೆ ನಗು ಬಂತು.

ಯೋಜನೆಯನ್ನು ಅವಳು ಹುಡುಕಬೇಕಾಗಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

ಸೈಕಲ್ ಬಳಗದ ಚಳಿಗಾಲದ ಸವಾರಿ ಹತ್ತಿರ ಬಂದಿತ್ತು. ಪ್ರತಿ ವರ್ಷದಂತೆ ಎಲ್ಲರೂ ನಿಪ್ಪಾಣಿಯಿಂದ ತವಂದಿ ಘಾಟ್ ಹತ್ತಿ, ಸ್ತವನಿಧಿಯಲ್ಲಿ ನಾಷ್ಟಾ ಮಾಡಿ, ಅದೇ ಘಾಟ್ ಇಳಿದು ಬರುತ್ತಿದ್ದರು. ಇಳಿಜಾರಿನ ಕೊನೆಯ ತಿರುವಿನಲ್ಲಿ ರಾಜಾರಾಮನ ಒಂದು ಆಟವಿತ್ತು. ಎಲ್ಲರನ್ನೂ ಮುಂದೆ ಕಳಿಸಿ, ಅವರು ಫೋನು ಹಿಡಿದು ನಿಂತ ಮೇಲೆ ತಾನು ರಭಸದಿಂದ ಇಳಿದು ಬಂದು, ಮುಂದಿನ ಬ್ರೇಕನ್ನು ಪೂರ್ತಿ ಹಿಡಿದು, ಗೆರೆ ಎಳೆದ ಹಾಗೆ ನಿಲ್ಲುತ್ತಿದ್ದ. "ನೋಡ್ರಿ ಗುಬ್ಬಿ!" ಎಂದು ಕೂಗುತ್ತಿದ್ದ. ಈ ಸಲ ಅವನು ಏರುವುದು ಉಗಾರದ ಕಡೆಯಿಂದ ತಂದಿದ್ದ ಹಸಿರು ಸೈಕಲ್ಲು. ಅದಕ್ಕಿನ್ನೂ ಗುಬ್ಬಿ ಕೂರಿಸುವುದಿತ್ತು.

ಹಿತ್ತಾಳೆಯ ಬದಲು ತವರ. ಅಷ್ಟೇ.

ತವರ ಸಣ್ಣ ಉರಿಗೇ ಕರಗುತ್ತದೆ, ಅಂಟಿದಂತೆ ಕಾಣುತ್ತದೆ, ಬಣ್ಣ ಹೊಡೆದ ಮೇಲೆ ಯಾರಿಗೂ ಗುರುತು ಸಿಗುವುದಿಲ್ಲ. ಪೇಟೆಯಲ್ಲಿ ಮೆಲ್ಲಗೆ ಬ್ರೇಕು ಹಿಡಿದರೆ ತಾಳುತ್ತದೆ. ಘಾಟಿನಲ್ಲಿ ಒಬ್ಬ ದಪ್ಪ ಮನುಷ್ಯನ ಭಾರವನ್ನು ಒಮ್ಮೆಲೇ ತಡೆಯಬೇಕಾದಾಗ ತಾಳುವುದಿಲ್ಲ. ಗುಬ್ಬಿ ಕಿತ್ತು ಬಂದರೆ ಬ್ರೇಕಿನ ತೋಳು ಚಕ್ರದ ಕಡ್ಡಿಗಳ ನಡುವೆ ಹೋಗುತ್ತದೆ. ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಆ ತಿರುವಿನಲ್ಲಿ ಮುಂದೆ ಇರುವುದು ಕಲ್ಲಿನ ಕಟ್ಟೆ. ಗುಜರಿಯ ಒಂದು ಫೋರ್ಕಿಗೆ ತವರದಿಂದ ಗುಬ್ಬಿ ಅಂಟಿಸಿ, ಕಬ್ಬಿಣದ ಸಲಾಕೆ ಸಿಕ್ಕಿಸಿ ಒತ್ತಿ ನೋಡಿದಳು. ಮೆಲ್ಲಗೆ ಒತ್ತಿದಾಗ ಅಲುಗಲಿಲ್ಲ. ಮೈಭಾರ ಹಾಕಿ ಜಗ್ಗಿದಾಗ ಬಾಳೆಯ ಸಿಪ್ಪೆಯ ಹಾಗೆ ಬಿಟ್ಟುಬಂತು.

ಆಮೇಲೆ ಏನಾಗುತ್ತದೆ ಎಂಬುದನ್ನೂ ಅವಳು ಯೋಚಿಸಿದ್ದಳು. ಮುರಿದ ಬುಡ ಹಳದಿಯಿರದೆ ಬೆಳ್ಳಗಿರುತ್ತದೆ. ಬಲ್ಲವರು ನೋಡಿದ ಕೂಡಲೇ ತವರ ಎನ್ನುತ್ತಾರೆ. ಎನ್ನಲಿ. ಆ ತವರ ಹಚ್ಚಿದವರು ಯಾರು? ಊರೂರಿಗೆ, ಕ್ಯಾಮೆರಾದ ಮುಂದೆ, ಅಂಗೈ ಬಿಡಿಸಿ, ಇದೆಲ್ಲಾ ಈ ಕೈಯದು ಎಂದು ಹೇಳಿಕೊಂಡವನು ಅವನೇ. ಅವಸರದಲ್ಲಿ ಕಳಪೆ ಕೆಲಸ ಮಾಡಿಕೊಂಡ, ತಾನೇ ಅದರ ಮೇಲೆ ಕೂತ. ಅವನ ಹೆಂಡತಿಗೆ ಬೆಂಕಿ ಎಂದರೆ ಅಂಜಿಕೆ. ಅದಕ್ಕೆ ಸಾಕ್ಷಿ ಹೇಳುವವನೂ ಅವನೇ, ನಗುತ್ತ, ಸಾವಿರಾರು ಜನರ ಫೋನಿನಲ್ಲಿ. ಇಷ್ಟು ಒಳ್ಳೆಯ ರಕ್ಷಣೆಯನ್ನು ಯಾವ ಗಂಡನೂ ಹೆಂಡತಿಗೆ ಕೊಟ್ಟಿರಲಾರ.

ರಾಜಾರಾಮ ಕೊಲ್ಹಾಪುರಕ್ಕೆ ಹೋದ ಒಂದು ಮಧ್ಯಾಹ್ನ ಅವಳು ಹಸಿರು ಸೈಕಲ್ಲಿನ ಫೋರ್ಕನ್ನು ಕಟ್ಟೆಗೆ ಬಿಗಿದಳು. ಉರಿಯನ್ನು ಸಣ್ಣದಾಗಿಸಿದಳು. ತವರ ಮಂಕಾಗಿ ಹರಡಿ ಅಲ್ಲೇ ನಿಂತಿತು. ಹಿತ್ತಾಳೆಯಂತೆ ಅದು ಓಡಲಿಲ್ಲ, ಸಂದಿಯೊಳಗೆ ಇಳಿಯಲಿಲ್ಲ. ತನ್ನ ಜನ್ಮದಲ್ಲಿ ಇಂಥ ಹೊಲಸು ಬೆಸುಗೆ ಮಾಡಿರಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಫೋರ್ಕಿನ ಮೇಲೆ ಮರುಕ ಹುಟ್ಟಿತು. ಮನುಷ್ಯನ ಮೇಲೆ ಹುಟ್ಟಲಿಲ್ಲ. ಅದನ್ನು ಅವಳು ಗಮನಿಸಿದಳು.

"ಸುಂದರಾ! ಏನ ಹೊತ್ತಾಕತ್ತೈತಿ ಬೇ? ಇಲ್ಲೀಮಟಾ ನಾತ ಬರಾಕತ್ತೈತಿ." ಗೋಡೆಯಾಚೆಯಿಂದ ಜಿನಮತಿಯ ದನಿ. ತಂಬಾಕಿನ ವ್ಯಾಪಾರದ ಮನೆಯವಳು, ಯಾವ ಮನೆಯಲ್ಲಿ ಒಗ್ಗರಣೆ ಬಿದ್ದರೂ ಅವಳಿಗೆ ತಿಳಿಯುತ್ತಿತ್ತು.

"ಹಾಲ ಉಕ್ಕ್ಯಾವ, ಅಕ್ಕಾ!"

"ಎಂಥಾ ಹಾಲವಾ? ಕಲಾಯಿ ಹಾಕಿದಂಗ ನಾತ ಬಂತು."

"ಪಾತೇಲಿ ತಳ ಹಿಡದೈತಿ."

ಕಲಾಯಿ ಎಂದಳಲ್ಲ! ಸುಮ್ಮನೆ ಅಂದದ್ದೋ, ಗೊತ್ತಿದ್ದು ಅಂದದ್ದೋ? ಕಲಾಯಿಗೆ ಬೇಕಾಗುವುದೂ ತವರವೇ. ಸುಂದರಾ ಉರಿ ಆರಿಸಿ ಬಹಳ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ನಿಜವಾಗಿಯೂ ಹಾಲು ಉಕ್ಕಿಸಿದಳು.

ಮರುದಿನ ರಾಜಾರಾಮ ಹಸಿರು ಬಣ್ಣ ಹೊಡೆದು, ಒಣಗಿದ ಮೇಲೆ ಗುಬ್ಬಿಯ ಬುಡದ ಮೇಲೆ ಹೆಬ್ಬೆರಳಾಡಿಸಿದ. ಅಲ್ಲಿಯೇ ನಿಲ್ಲಿಸಿದ. ಸುಂದರಾ ಬಾಗಿಲಲ್ಲಿ ಉಸಿರು ಹಿಡಿದಳು. ಅವನು ತಲೆ ಓರೆ ಮಾಡಿ ನೋಡಿದ, ಉಗುರಿನಿಂದ ಕೆರೆದ.

"ಏನಾತು?"

"ಇಲ್ಲಿ ಬಣ್ಣ ಒಂದ ಈಟು ಹನಿ ಇಳದೈತಿ. ಹೋಗ್ಲಿ ಬಿಡು, ಯಾರ ನೋಡ್ತಾರ." ಬೆಸುಗೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಆಡಲು ಅವನಿಗೆ ಏನು ಗೊತ್ತಿತ್ತು? ಅಷ್ಟರವರೆಗೆ ಅವಳಲ್ಲಿ ಉಳಿದಿದ್ದ ಸಣ್ಣದೊಂದು ಹಿಂಜರಿಕೆ ಆಗ ಹೋಯಿತು.

ಸವಾರಿಯ ಬೆಳಿಗ್ಗೆ ಅವನು ಹೊರಡುವಾಗ ಕಿವಿಗೆ ಮಫ್ಲರು ಕಟ್ಟಿಕೊಟ್ಟಳು. ಹಳೇ ರೂಢಿ. ಕಟ್ಟದಿದ್ದರೆ ಅವನಿಗೆ ಏನಾದರೂ ಅನಿಸುತ್ತಿತ್ತು. ಆಮೇಲೆ ಜಿನಮತಿಯ ಮಾಳಿಗೆ ಹತ್ತಿದಳು. ಅಲ್ಲಿ ನಾಲ್ಕಾರು ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದರು. ಕಲಾಯಿಯ ಮಾತು ಜಿನಮತಿ ಮತ್ತೆ ಎತ್ತಲಿಲ್ಲ. ಎತ್ತದೇ ಇರುವುದೂ ಅನುಮಾನಕ್ಕೆ ಎಡೆಯಾಯಿತು. "ಇವತ್ತ ನಿನ್ನ ಎಳಿ ಎಷ್ಟು ಸಣ್ಣ ಬರಾಕತ್ತಾವವಾ! ನಿನ್ನ ಕೈ ಭಾಳ ಸ್ಥಿರ," ಎಂದಳು ಜಿನಮತಿ. ಸುಂದರಾ ತನ್ನ ಕೈ ನೋಡಿಕೊಂಡಳು. ಹೌದು, ನಡುಗುತ್ತಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಕೆಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

ಎಲ್ಲ ಅವಳು ಎಣಿಸಿದಂತೆಯೇ ಆಗಿತ್ತು. ರಾಜಾರಾಮ ಕೂಗಿದ್ದ, ಬ್ರೇಕು ಹಿಡಿದಿದ್ದ, ಕಟ್ಟೆಗೆ ಹೋಗಿ ಬಿದ್ದಿದ್ದ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದನಂತೆ. ಸುಂದರಾ ಅತ್ತಳು. ಅಳು ಸುಳ್ಳಾಗಿರಲಿಲ್ಲ, ಅದೇ ಅವಳಿಗೆ ಅಚ್ಚರಿ. ಅಷ್ಟು ವರ್ಷ ಒಂದೇ ಸೂರಿನಡಿ ಕೆಮ್ಮಿದವನು, ಅವಳ ಕಣ್ಣಿಗೆಂದು ಒಮ್ಮೆ ಕಪ್ಪು ಕನ್ನಡಕ ತಂದುಕೊಟ್ಟವನು. ಅಳುತ್ತಲೇ ಬಂದವರ ಮುಖ ಒಂದೊಂದಾಗಿ ನೋಡಿದಳು. ಯಾರ ಕಣ್ಣು ತನ್ನ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು?

ನಿಂತದ್ದು ಒಬ್ಬಳದು, ಠಾಣೆಯಿಂದ ಬಂದ ಹವಾಲ್ದಾರಳದು. ನೀಲಮ ಎಂದು ಅವಳ ಹೆಸರು. ಸಾವಕಾಶದ ಹೆಂಗಸು, ಕೇಳಿದ್ದಕ್ಕಿಂತ ಸುಮ್ಮನೆ ಕೂತದ್ದೇ ಹೆಚ್ಚು.

"ಶೆಡ್ಡಿನಾಗ ಕೆಲಸ ಮಾಡೋರು ಯಾರ್ಯಾರು ಇದ್ರಿ?"

"ಅವರೊಬ್ರರಿ."

"ನೀವ್ರಿ?"

"ನಾ ಚಹಾ ಕೊಡಾಕ ಅಷ್ಟ ಹೋಗಾಕಿರಿ. ಬೆಂಕಿ ಅಂದ್ರ ನನಗ ಮೊದಲಿಂದ ಅಂಜಿಕಿ."

"ಹೌದ, ವಿಡಿಯೋ ನೋಡೇನಿ," ಎಂದು ನೀಲಮ ಅಷ್ಟೇ ಹೇಳಿದಳು. ಸುಂದರಾ ಸೆರಗು ಎಳೆದುಕೊಂಡಳು.

ಮುರಿದ ಗುಬ್ಬಿಯನ್ನು ಬಳಗದ ಹಿರಿಯ ಮಿಸ್ತ್ರಿ ಸಂಭಾಜಿ ಪೊಲೀಸರ ಎದುರೇ ನೋಡಿ, "ತವರ! ಥೂ ಇವನ. ತನ್ನ ಗೋರಿ ತಾನ ಕಟಗೊಂಡಾನ," ಎಂದನಂತೆ. ಠಾಣೆಯಲ್ಲಿ ಅದನ್ನು ಅಪಘಾತವೆಂದೇ ಬರೆದುಕೊಂಡರು. ಯಾರೂ ಅವಳನ್ನು ಎರಡನೆಯ ಸಲ ಕರೆಯಲಿಲ್ಲ. ಸುಂದರಾ ನಿದ್ದೆ ಮಾಡಿದಳು. ಫೌಂಡ್ರಿಯ ಮಾತು ರಾಜಾರಾಮನ ಜೊತೆಗೇ ನಿಂತುಹೋಗಿತ್ತು. ಕಟ್ಟೆ ಇದ್ದಲ್ಲೇ ಇತ್ತು. ಧೂಳು ಒರೆಸುವ ನೆಪದಲ್ಲಿ ಒಮ್ಮೆ ಹೋಗಿ ಅರವನ್ನು ಕೈಗೆತ್ತಿಕೊಂಡು ನೋಡಿ ಇಟ್ಟಳು. ಕಾಯಬೇಕು. ಅವಸರ ಮಾಡಬಾರದು. ಮೊದಲು ಪಂಕ್ಚರ್ ಹಾಕಲು ಕಲಿತಂತೆ ಮಾಡಬೇಕು, ಆಮೇಲೆ ಬಣ್ಣ, ಕೊನೆಗೆ ಗುಬ್ಬಿ.

ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಸೈಕಲ್ಲುಗಳು ಬಂದು ನಿಲ್ಲತೊಡಗಿದವು. ಅಥಣಿಯ ವಕೀಲರ ಕಪ್ಪು ಸೈಕಲ್ಲು, ರಾಯಬಾಗದ ಡಾಕ್ಟರರದು, ಕಾಗವಾಡದಿಂದ ಟೆಂಪೋದಲ್ಲಿ ಹೇರಿಕೊಂಡು ಬಂದ ಜೋಡಿ. ಅಂಗಳ ತುಂಬಿತು. ಸುಂದರಾ ಒಂದೊಂದನ್ನೂ ಗುರುತು ಹಿಡಿದಳು. ತವರಿಗೆ ಬಂದ ಹೆಣ್ಣುಮಕ್ಕಳ ಹಾಗಿದ್ದವು. ನೀಲಮ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೊನೆಯ ಕಾಗದಕ್ಕೆ ಒಂದು ಸಹಿ ಬೇಕಿತ್ತು, ಅಷ್ಟಕ್ಕೇ ಬಂದದ್ದು ಎಂದಿದ್ದಳು.

"ವಹಿನಿ, ತಪ್ಪ ತಿಳಕೋಬ್ಯಾಡ್ರಿ," ಎಂದ ಸಂಭಾಜಿ. "ಇವು ಎಲ್ಲಾ ಅವನ ಕೈಯಾವು. ಒಂದರಾಗ ತವರ ಹಚ್ಚಿದಾಂವ ಎಲ್ಲಾದ್ರಾಗೂ ಹಚ್ಚಿರತಾನ. ನಾಳಿ ಮತ್ತೊಬ್ಬ ಸಾಯೂದು ಬ್ಯಾಡ."

ಅವನು ವಕೀಲರ ಸೈಕಲ್ಲಿನ ಗುಬ್ಬಿಯ ಮೇಲಿನ ಬಣ್ಣ ಕೆರೆದ. ಬುಡದ ಸುತ್ತ ಕೂದಲೆಳೆಯಂಥ ಹಳದಿ ಗೆರೆ ಮಿನುಗಿತು.

"ಹಿತ್ತಾಳಿ ಕಾಣತೈತಲ್ಲೋ," ಎಂದರು ವಕೀಲರು.

"ಮ್ಯಾಲ ತೋರ್ಸಾಕ ಬಳದಾನರಿ. ಒಳಗ ಏನ ತುಂಬ್ಯಾನೋ ಯಾರಿಗ್ಗೊತ್ತು? ಮೋಸಗಾರನ ಕೈ. ಕೊಯ್ದ ಒಗದು ಬ್ಯಾರೆ ಫೌಂಡ್ರಿ ಮಾಲ ಹಚ್ಚೋದ ಚಲೋ."

"ಕೊಯ್ರಿ ಹಂಗಾದ್ರ," ಎಂದರು ವಕೀಲರು. "ಎಲ್ಲಾ ಕೊಯ್ರಿ. ಈ ಕೈಯಾಂದು ಒಂದೂ ಉಳಿಯೂದು ಬ್ಯಾಡ."

ಸುಂದರಾ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಂಭಾಜಿ ಗರಗಸದ ಹಲ್ಲನ್ನು ಹಳದಿ ಗೆರೆಯ ಮೇಲೆ ಇಟ್ಟು ಎಳೆದ. ಆ ಕರ್ರೆಂಬ ಸದ್ದಿಗೆ ಅವಳ ಹಲ್ಲಿನ ಬುಡದವರೆಗೂ ನೋವಾಯಿತು. ಬ್ರೇಕು, ಬಣ್ಣ, ಘಾಟು, ನೆರೆಮನೆ, ಠಾಣೆ ಎಲ್ಲದರ ಬಗ್ಗೆ ಯೋಚಿಸಿದ್ದ ಅವಳು ಒಂದನ್ನು ಯೋಚಿಸಿರಲಿಲ್ಲ. ಆ ಒಂದು ತವರದ ಗುಬ್ಬಿಯನ್ನು ಮಾಡಿದ ಕೈಯೇ ಉಳಿದವನ್ನೂ ಮಾಡಿದ್ದು ಎಂದು ಜನ ತಿಳಿಯುತ್ತಾರೆ ಎಂಬುದನ್ನು, ಮತ್ತು ಅದು ನಿಜವೇ ಆಗಿದೆ ಎಂಬುದನ್ನು. "ತಗೀರಿ ಗರಗಸಾ!" ತಾಟು ಕೆಳಗೆ ಬಿದ್ದದ್ದು ಅವಳಿಗೆ ಕೇಳಿಸಲಿಲ್ಲ. "ಅದರಾಗ ಒಂದ ಸೂಜಿ ಹೋಗೂವಷ್ಟು ಸಂದಿಲ್ಲ. ಬುಡದಿಂದ ತುದಿತನಕಾ ಹಿತ್ತಾಳಿ ಓಡೈತಿ, ಆನಿ ಕಟ್ಟಿ ಎಳದ್ರೂ ಕಿತ್ತು ಬರಂಗಿಲ್ಲ. ಅಂವಾ ಏನ ಮಾಡ್ಯಾನ? ಅಂವಗ ಕಡ್ಡಿ ಹಿಡಿಯಾಕ ಸೈತ ಬರ್ತಿದ್ದಿಲ್ಲ. ನಾ ಮಾಡೇನಿ ಅದನ್ನ!" ಸಂಭಾಜಿಯ ಗರಗಸ ನಿಂತಿತು. ಸೆರಗು ಜಾರಿ, ಮೊಳಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಗಳು ಬಿಸಿಲಿಗೆ ಬಿದ್ದಿದ್ದವು. ಸ್ಟೂಲಿನ ಮೇಲಿನ ನೀಲಮ ಎದ್ದು ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಅದೊಂದ ಏನ್ರಿ, ಎಲ್ಲಾ ಗುಬ್ಬಿ ನಿಮ್ಮ ಕೈಯಾವ?" ಎಂದು ಮೆಲ್ಲಗೆ ಕೇಳಿದಳು. ಇಷ್ಟು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಯೋಚಿಸುವ ಮೊದಲೇ ಸುಂದರಾಳ ತಲೆ ಎತ್ತರವಾಯಿತು. "ಎಲ್ಲಾ," ಎಂದಳು.